ಸೆಲೆನಿಯಂ ಎಷ್ಟಿದೆ ಎನ್ನುವುದಕ್ಕಿಂತ ಹೇಗಿದೆ ಎನ್ನುವುದು

ಮಣ್ಣಿನ ಪರೀಕ್ಷಾ ವರದಿಯನ್ನು ಹಿಡಿದು ಬರುವವರ ಕಣ್ಣು ಮೊದಲು ಹೋಗುವುದು, ಅತಿಯಾದರೆ ವಿಷವಾಗುವ ಧಾತುವಾದ ಸೆಲೆನಿಯಂನ ಒಟ್ಟು ಅಂಕಿಯ ಮೇಲೆ. ಆದರೆ ಆ ಅಂಕಿಯೊಂದರಿಂದ ಅಪಾಯವನ್ನು ಅಳೆಯಲಾಗದು. ಅದು ಯಾವ ರೂಪದಲ್ಲಿದೆ ಎಂಬುದನ್ನು ತಿಳಿಯಬೇಕು, ಮತ್ತು ಆ ರೂಪವನ್ನು ಬಹುಮಟ್ಟಿಗೆ ನಿರ್ಧರಿಸುವವು ಮಣ್ಣಿನ ಬ್ಯಾಕ್ಟೀರಿಯಾಗಳು.

ಗಾಳಿಯಾಡುವ ಕ್ಷಾರೀಯ ಮಣ್ಣಿನಲ್ಲಿ ಸೆಲೆನಿಯಂ ಹೆಚ್ಚಾಗಿ ಆಮ್ಲಜನಕದೊಂದಿಗೆ ಕೂಡಿ ಸೆಲೆನೇಟ್ ಆಗಿರುತ್ತದೆ. ಸಲ್ಫೇಟನ್ನು ಹೋಲುವ ಈ ಅಯಾನು (ವಿದ್ಯುದಾವೇಶವಿರುವ ಕಣ) ಮಣ್ಣಿನ ಕಣಗಳಿಗೆ ಅಷ್ಟಾಗಿ ಅಂಟದೆ ನೀರಿನ ಜೊತೆ ಸಾಗುತ್ತದೆ. ಬೇರುಗಳೂ ಸಲ್ಫೇಟನ್ನು ಹೀರುವ ದಾರಿಯಲ್ಲೇ ಇದನ್ನು ಒಳಗೆ ಬಿಟ್ಟುಕೊಳ್ಳುತ್ತವೆ. ಎರಡು ಎಲೆಕ್ಟ್ರಾನುಗಳನ್ನು ಪಡೆದು ಸೆಲೆನೈಟ್ ಆದಾಗ ಕಬ್ಬಿಣದ ಆಕ್ಸೈಡುಗಳು ಅದನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಇನ್ನೂ ನಾಲ್ಕು ಎಲೆಕ್ಟ್ರಾನುಗಳು ಸೇರಿದರೆ ನೀರಿನಲ್ಲಿ ಕರಗದ ಧಾತುರೂಪದ ಸೆಲೆನಿಯಂ ಉಳಿಯುತ್ತದೆ.

ಆಮ್ಲಜನಕ ತೀರಿದ ಕೆಸರಿನಲ್ಲಿ ಕೆಲವು ಬ್ಯಾಕ್ಟೀರಿಯಾಗಳು ಆಮ್ಲಜನಕದ ಬದಲು ಸೆಲೆನೇಟನ್ನೇ ಬಳಸಿ ಉಸಿರಾಡುತ್ತವೆ. ಇವುಗಳಲ್ಲಿ ಚೆನ್ನಾಗಿ ಅಧ್ಯಯನಗೊಂಡಿರುವ ತೌಎರಾ ಸೆಲೆನಾಟಿಸ್‌ನಲ್ಲಿ ಈ ಕೆಲಸ ಮಾಡುವ ಕಿಣ್ವವು ಮಾಲಿಬ್ಡಿನಂ ಎಂಬ ಲೋಹವನ್ನು ಹೊಂದಿದ್ದು, ಕೋಶದ ಎರಡು ಪೊರೆಗಳ ನಡುವೆ ನೆಲೆಸಿದೆ. ನೀರಿನಲ್ಲಿ ನೈಟ್ರೇಟ್ ಹೆಚ್ಚಿದ್ದರೆ ಬಹಳಷ್ಟು ಬ್ಯಾಕ್ಟೀರಿಯಾಗಳು ಮೊದಲು ಅದನ್ನೇ ಮುಗಿಸುವುದರಿಂದ ಸೆಲೆನೇಟಿನ ಸರದಿ ತಡವಾಗಿ ಬರುತ್ತದೆ. ತೌಎರಾ ಮಾತ್ರ ಎರಡನ್ನೂ ಒಟ್ಟಿಗೆ ನಿಭಾಯಿಸಬಲ್ಲದು.

ಈ ಬದಲಾವಣೆಯನ್ನು ಕಣ್ಣಾರೆ ನೋಡಬಹುದು. ಸೆಲೆನೈಟ್ ಬೆರೆಸಿದ ತಿಳಿಯಾದ ದ್ರಾವಣಕ್ಕೆ ಚಿಟಿಕೆ ಮಣ್ಣು ಹಾಕಿಟ್ಟರೆ, ಕೆಲವು ದಿನಗಳಲ್ಲಿ ಅದು ಮೊದಲು ನಸುಗೆಂಪಾಗಿ, ಆಮೇಲೆ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ಆ ಕೆಂಪು ಕೆಲವು ನೂರು ನ್ಯಾನೋಮೀಟರ್ ಗಾತ್ರದ ಸೆಲೆನಿಯಂ ಗುಂಡುಗಳದ್ದು. ಮೊದಲ ಸಲ ಇದನ್ನು ಕಂಡಾಗ ಯಾವುದೋ ಸೋಂಕು ತಗುಲಿತೆಂದು ನಾನು ಫ್ಲಾಸ್ಕನ್ನೇ ತೊಳೆದುಬಿಟ್ಟಿದ್ದೆ. ಹಾಗೆಂದು ಕೆಂಪು ಕಂಡಲ್ಲೆಲ್ಲ ಉಸಿರಾಟ ನಡೆದಿದೆ ಎನ್ನುವಂತಿಲ್ಲ: ಎಷ್ಟೋ ಬ್ಯಾಕ್ಟೀರಿಯಾಗಳು ಗಾಳಿಯ ನಡುವೆಯೂ ವಿಷ ಕಳೆದುಕೊಳ್ಳಲೆಂದೇ ಸೆಲೆನೈಟನ್ನು ಅಪಕರ್ಷಿಸುತ್ತವೆ, ಅಂದರೆ ಎಲೆಕ್ಟ್ರಾನುಗಳನ್ನು ಕೊಟ್ಟು ಧಾತುರೂಪಕ್ಕೆ ತರುತ್ತವೆ.

ಇನ್ನು ಕೆಲವು ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳು ಮಿಥೈಲ್ ಗುಂಪುಗಳನ್ನು ಸೇರಿಸಿ ಡೈಮಿಥೈಲ್ ಸೆಲೆನೈಡ್ ಎಂಬ ಆವಿಯನ್ನು ಮಾಡುತ್ತವೆ. ಬೆಳ್ಳುಳ್ಳಿಯ ವಾಸನೆಯೇ ಅದರ ಗುರುತು.

ಕ್ಯಾಲಿಫೋರ್ನಿಯಾದ ಕೆಸ್ಟರ್ಸನ್ ಜಲಾಶಯಕ್ಕೆ ಹೊಲಗಳ ಬಸಿನೀರು ಸೆಲೆನಿಯಂ ಹೊತ್ತು ತಂದಿತ್ತು. 1983ರಲ್ಲಿ ಅಲ್ಲಿ ಅಂಗವಿಕಲ ಹಕ್ಕಿಮರಿಗಳು ಕಂಡುಬಂದವು. ತಳದ ಕೆಸರಿನ ಬ್ಯಾಕ್ಟೀರಿಯಾಗಳು ಸೆಲೆನಿಯಂ ಅನ್ನು ಕರಗದ ರೂಪಕ್ಕೆ ತಂದು ಹಿಡಿದಿಟ್ಟರೂ, ಪಾಚಿ ಮತ್ತು ಕೀಟಗಳ ಮೂಲಕ ಅದು ಆಹಾರ ಸರಪಳಿಯನ್ನು ಸೇರಿತ್ತು.

ಅದೂ ಅಲ್ಲದೆ, ಹಾಗೆ ಹಿಡಿದಿಟ್ಟದ್ದು ಶಾಶ್ವತವಲ್ಲ. ಕೆಸರು ಒಣಗಿ ಗಾಳಿ ಹೊಕ್ಕರೆ ಬೇರೆ ಬ್ಯಾಕ್ಟೀರಿಯಾಗಳು ಧಾತುರೂಪವನ್ನು ನಿಧಾನವಾಗಿ ಉತ್ಕರ್ಷಿಸಿ (ಅದರಿಂದ ಎಲೆಕ್ಟ್ರಾನುಗಳನ್ನು ಕಿತ್ತು) ಮತ್ತೆ ಕರಗುವಂತೆ ಮಾಡುತ್ತವೆ. ಆದುದರಿಂದ ರೂಪಗಳ ವಿಶ್ಲೇಷಣೆ ಬೇಕೆನ್ನುವವರಿಗೆ, ಮಾದರಿಯನ್ನು ಬಿಸಿಲಿಗೆ ಹರಡಿ ಒಣಗಿಸದೆ, ಗಾಳಿಗೆ ಜಾಗವಿರದಂತೆ ಬಾಟಲಿಯ ಬಾಯಿಯವರೆಗೂ ಹಸಿಯಾಗಿಯೇ ತುಂಬಿ, ತಂಪಿನಲ್ಲಿಟ್ಟು ಬೇಗ ತರುವಂತೆ ಹೇಳುತ್ತೇನೆ.