ಕುದುರೆ ಹತ್ತುವ ಮುಂಚೆ, ಅದರ ಪಕ್ಕ ನಿಲ್ಲಲಿ

"ಮಗ ತುಂಬಾ ಪುಕ್ಕಲು ಮೇಡಂ. ಕುದುರೆ ಸವಾರಿಗೆ ಸೇರಿಸಿದ್ರೆ ಧೈರ್ಯ ಬರುತ್ತಾ?" ಬೇಸಿಗೆ ರಜೆ ಹತ್ತಿರ ಬಂತೆಂದರೆ ಮಕ್ಕಳ ಆಪ್ತಸಮಾಲೋಚಕಿಯಾದ ನನಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಬರಬಹುದು ಅನ್ನುತ್ತೇನೆ. ಆದರೆ ಅದಕ್ಕೂ ಮೊದಲು ಬರುವುದು ಇನ್ನೊಂದಿದೆ: ತನ್ನ ಮೈಮನಸ್ಸನ್ನು ತಾನೇ ತಣ್ಣಗೆ ಮಾಡಿಕೊಳ್ಳುವ ಅಭ್ಯಾಸ. ಅದನ್ನು ಕಲಿಸುವುದರಲ್ಲಿ ಕುದುರೆ ನಮ್ಮಂಥವರಿಗಿಂತ ಜೋರು.

ಕುದುರೆ ಹುಲ್ಲು ಮೇಯುವ ಪ್ರಾಣಿ, ಬೇರೆ ಪ್ರಾಣಿಗಳ ಬಾಯಿಗೆ ಬೀಳಬಹುದಾದದ್ದು. ಅಪಾಯ ಕಂಡರೆ ಓಡಿ ಜೀವ ಉಳಿಸಿಕೊಳ್ಳಬೇಕು. ಹಾಗಾಗಿ ಪಕ್ಕದಲ್ಲಿರುವವರ ಮೈ ಬಿಗಿಯಾಯಿತಾ, ದನಿ ಏರಿತಾ ಎಂದು ಸದಾ ಗಮನಿಸುತ್ತಿರುತ್ತದೆ. 2009ರಲ್ಲಿ ಪ್ರಕಟವಾದ ಸ್ವೀಡನ್ನಿನ ಒಂದು ಪ್ರಯೋಗ ಇದನ್ನು ಚೆನ್ನಾಗಿ ತೋರಿಸಿತು. ಕುದುರೆಯೊಂದಿಗೆ ಒಂದೇ ದಾರಿಯಲ್ಲಿ ಹಲವು ಸಲ ಹೋಗಿಬರಬೇಕು. ಕೊನೆಯ ಸಲ ಹೊರಡುವ ಮುಂಚೆ, "ಈ ಬಾರಿ ಕುದುರೆ ದಾಟುವಾಗ ಒಬ್ಬರು ಛತ್ರಿ ಬಿಚ್ಚುತ್ತಾರೆ" ಎಂದು ಜನರಿಗೆ ಹೇಳಿದರು. ಛತ್ರಿ ಬಿಚ್ಚಲೇ ಇಲ್ಲ. ಆದರೂ ಜನರ ಎದೆಬಡಿತ ಏರಿತು, ಜೊತೆಗೆ ಕುದುರೆಯದೂ ಏರಿತು. ಪಾಪ, ಕುದುರೆಗೆ ಛತ್ರಿಯ ಸುದ್ದಿಯೇ ಗೊತ್ತಿರಲಿಲ್ಲ!

ನಾನು ಕಳಿಸಿದ್ದ ಒಬ್ಬ ಹುಡುಗಿಯ ಕ್ಲಾಸು ನೋಡಲು ಹೋಗಿದ್ದೆ. ಶಾಲೆಯಲ್ಲಿ ಮಾತೆತ್ತಿದರೆ ಅಳುವ ಮಗು. ಜೀನಿನ ಮೇಲೆ ಕೂತವಳೇ ಲಗಾಮನ್ನು ಎದೆಗೆ ಎಳೆದು ಹಿಡಿದಳು. ಕುದುರೆ ತಲೆ ಕೊಡವಿತು. ಇವಳು ಇನ್ನೂ ಬಿಗಿ ಹಿಡಿದಳು, ಅದು ಇನ್ನೂ ಕೊಡವಿತು. ಕಲಿಸುವವರು ಬೈಯಲಿಲ್ಲ, "ಹೆದರಬೇಡ" ಅಂತಲೂ ಹೇಳಲಿಲ್ಲ. "ಬಾಯಲ್ಲಿ ಉಫ್ ಅಂತ ಉಸಿರು ಬಿಡು ಪುಟ್ಟಾ, ಹಾಗೇ ಕೈ ಮುಂದಕ್ಕೆ ಬಿಡು" ಅಂದರು. ಅವಳು ಬಿಟ್ಟಳು. ಕುದುರೆ ಕತ್ತು ಇಳಿಸಿ ಬಾಯಿ ಚಪ್ಪರಿಸಿತು. ಆ ಮಗು ನಮ್ಮ ಕಡೆ ತಿರುಗಿ ನೋಡಿದ ನೋಟ ನೋಡಬೇಕಿತ್ತು. "ಉಸಿರು ಬಿಟ್ಟು ಸಮಾಧಾನ ಮಾಡ್ಕೋ" ಎಂದು ನಾನು ಕ್ಲಿನಿಕ್ಕಿನಲ್ಲಿ ಹೇಳಿಕೊಟ್ಟದ್ದೂ ಇದೇ. ಆದರೆ ನನ್ನ ಕುರ್ಚಿ ತಲೆ ತಗ್ಗಿಸಿ ಉತ್ತರ ಕೊಡುವುದಿಲ್ಲ, ಅಲ್ವಾ?

ಸಂಶೋಧನೆಯಲ್ಲೂ ಇದಕ್ಕೆ ಆಧಾರವಿದೆ. ಅಮೆರಿಕದ ಕೊಲೊರಾಡೊದಲ್ಲಿ ಆಟಿಸಂ ಇರುವ 6ರಿಂದ 16 ವರ್ಷದ ನೂರಕ್ಕೂ ಹೆಚ್ಚು ಮಕ್ಕಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ 10 ವಾರ ಸವಾರಿ. ಇನ್ನೊಂದು ಗುಂಪಿಗೆ ಲಾಯದಲ್ಲೇ ಕುದುರೆಯ ಬಗ್ಗೆ ಪಾಠ, ಆದರೆ ನಿಜವಾದ ಕುದುರೆ ಇಲ್ಲ. 2015ರಲ್ಲಿ ಬಂದ ವರದಿಯ ಪ್ರಕಾರ, ಸವಾರಿ ಮಾಡಿದವರಲ್ಲಿ ಸಿಡುಕು ಮತ್ತು ಅತಿ ಚಟುವಟಿಕೆ ಇನ್ನೊಂದು ಗುಂಪಿಗಿಂತ ಚೆನ್ನಾಗಿ ತಗ್ಗಿತ್ತು, ಮಾತೂ ಸುಧಾರಿಸಿತ್ತು. ಹಾಗಂತ ಸ್ಪೀಚ್ ಥೆರಪಿ ಬಿಡಿಸಿ ಕುದುರೆ ಹತ್ತಿಸಬೇಡಿ. ಇದು ಜೊತೆಗಿರಬೇಕಾದದ್ದು.

ಪೋಷಕರಿಗೆ ಸವಾರಿಯದ್ದೇ ಆತುರ. ನನಗೆ ಕುದುರೆಯ ಪಕ್ಕ ನೆಲದ ಮೇಲೆ ನಿಂತು ಮಾಡುವ ಕೆಲಸವೂ ಅಷ್ಟೇ ಮುಖ್ಯ. ಮೈ ಉಜ್ಜುವುದು, ಗೊರಸಿನ ಮಣ್ಣು ಕೆರೆಯುವುದು, ಬಕೆಟ್ಟಿಗೆ ನೀರು ತುಂಬುವುದು. ನಾಲ್ಕು ಕ್ವಿಂಟಲ್ ತೂಗುವ ಪ್ರಾಣಿ ತಾನು ಹೇಳಿದಾಗ ಕಾಲೆತ್ತಿ ಕೊಡುತ್ತದೆ ಎಂಬುದು, ಮನೆಯಲ್ಲೂ ಶಾಲೆಯಲ್ಲೂ ಸುಮ್ನೆ ಹೇಳಿಸಿಕೊಂಡೇ ಬೆಳೆದ ಮಗುವಿಗೆ ಸಣ್ಣ ವಿಷಯವಲ್ಲ. ಕಿವಿ ಹಿಂದಕ್ಕೆ ಅಂಟಿಸಿದರೆ ಅದಕ್ಕೆ ಸಿಟ್ಟು, ಆಗ ದೂರ ನಿಲ್ಲಬೇಕು. ಇನ್ನೊಬ್ಬರ ಮನಸ್ಸು ಓದುವುದಕ್ಕೆ ಇದಕ್ಕಿಂತ ಸರಳ ಪಾಠ ನನಗೆ ಗೊತ್ತಿಲ್ಲ. ಬೀಚಿನಲ್ಲಿ ದುಡ್ಡು ಕೊಟ್ಟು ಎರಡು ಸುತ್ತು ಹಾಕಿಸಿದರೆ ಇದ್ಯಾವುದೂ ಸಿಗುವುದಿಲ್ಲ. ಫೋಟೋ ಸಿಗುತ್ತದೆ, ಅಷ್ಟೇ.

ಸೇರಿಸುವ ಮುಂಚೆ ಒಮ್ಮೆ ಹೋಗಿ ನೋಡಿ ಬನ್ನಿ. ಹೆಲ್ಮೆಟ್ ಇಲ್ಲದೆ ಹತ್ತಿಸುವ ಕಡೆ ಬೇಡ. ಕುದುರೆಗೆ ಹೊಡೆದು ಬೈದು ಕೆಲಸ ಮಾಡಿಸುವ ಕಡೆಯೂ ಬೇಡ, ಮಗು ಅದನ್ನೇ ಕಲಿಯುತ್ತದೆ. ಡೌನ್ ಸಿಂಡ್ರೋಮ್ ಇರುವ ಕೆಲವು ಮಕ್ಕಳ ಕತ್ತಿನ ಕೀಲು ಸಡಿಲವಿರುತ್ತದೆ. ಅಂಥವರನ್ನೂ, ಫಿಟ್ಸ್ ಬರುವ ಮಕ್ಕಳನ್ನೂ ವೈದ್ಯರನ್ನು ಕೇಳದೆ ಹತ್ತಿಸಬಾರದು. ಖರ್ಚು ಜಾಸ್ತಿ, ನಿಜ. ಕೈಗೆಟುಕದಿದ್ದರೆ ಕೊರಗಬೇಡಿ. ಆದರೆ ಸೇರಿಸಿದ ಮೇಲೆ ಒಂದು ಕೆಲಸ ಮಾಡಿ: ಮೊದಲ ತಿಂಗಳು ಬೇಲಿ ಪಕ್ಕ ನಿಂತು "ಬೆನ್ನು ನೆಟ್ಟಗೆ ಮಾಡೋ, ಗಟ್ಟಿ ಹಿಡ್ಕೋ" ಅಂತ ಕೂಗಬೇಡಿ. ಕಾರಿನಲ್ಲೇ ಕೂತಿದ್ದರೂ ಆದೀತು.