ಮೈಯರ್ ಮನೆಯವರು ಮೇಯರ್ ಮನೆಯವರಲ್ಲ

'ರಸಾಯನ ವಿಜ್ಞಾನಿ ಲೋಥರ್ ಮೇಯರ್ ಅವರ ಹಿರಿಯರು ಯಾವುದೋ ಊರಿನ ಮೇಯರ್ ಆಗಿದ್ದರು, ಅದಕ್ಕೇ ಆ ಹೆಸರು' ಎಂಬ ವಿವರಣೆ ಮತ್ತೊಮ್ಮೆ ಕಣ್ಣಿಗೆ ಬಿತ್ತು. ಜರ್ಮನ್ನರು ಈ ಹೆಸರನ್ನು ಹೇಳುವುದೇ 'ಮೈಯರ್' ಎಂದು. ನಾವು ಇಂಗ್ಲಿಷ್ ಓದಿನ ಅಭ್ಯಾಸದಲ್ಲಿ 'ಮೇಯರ್' ಮಾಡಿಕೊಂಡೆವು. ಆಮೇಲೆ ಆ ತಪ್ಪು ಬರಹದಿಂದಲೇ ಒಂದು ಮನೆತನದ ಕಥೆ ಹುಟ್ಟಿಸಿದೆವು!

ಜರ್ಮನಿಯಲ್ಲಿ ಊರಿನ ಮೇಯರ್‌ಗೆ 'ಬ್ಯುರ್ಗರ್‌ಮೈಸ್ಟರ್' ಅನ್ನುತ್ತಾರೆ. ಮೈಯರ್ ಹಳ್ಳಿಯ ಪದ. ಇಂಗ್ಲಿಷಿನ ಮೇಯರ್, ಜರ್ಮನ್ನಿನ ಮೈಯರ್ ಎರಡರ ಬೇರೂ ಲ್ಯಾಟಿನ್‌ನ 'ಮಾಯೋರ್' ಹೌದು, ಅಂದರೆ ಹೆಚ್ಚು ದೊಡ್ಡವನು. ಇಂಗ್ಲಿಷಿನವರಿಗೆ ಅದು ಫ್ರೆಂಚ್ ಮೂಲಕ ಬಂದು ನಗರದ ಹುದ್ದೆಯಾಯಿತು. ಜರ್ಮನ್ ನಾಡಿನಲ್ಲಿ ಜಮೀನಿಗೆ ಅಂಟಿಕೊಂಡಿತು. ಮಠವೋ ಜಮೀನ್ದಾರನೋ ಹೊಂದಿದ್ದ ಭೂಮಿಯನ್ನು ನೋಡಿಕೊಂಡು, ಒಕ್ಕಲುಗಳಿಂದ ಕಾಳುಕಡಿ ವಸೂಲಿ ಮಾಡುತ್ತಿದ್ದವನೇ ಮೈಯರ್. ನಮ್ಮ ಪಾರುಪತ್ಯಗಾರ ಇದ್ದ ಹಾಗೆ. ಬರಬರುತ್ತಾ ಅಂಥ ದೊಡ್ಡ ಜಮೀನನ್ನು ಗೇಣಿಗೆ ಹಿಡಿದವನಿಗೂ ಅದೇ ಹೆಸರು ಬಂತು. ಫ್ರಾಂಕ್ ರಾಜರ ಅರಮನೆಯಲ್ಲಿ 'ಹೌಸ್‌ಮೈಯರ್' ಎಂಬ ದೊಡ್ಡ ಹುದ್ದೆಯೂ ಇತ್ತು. ಆ ಹುದ್ದೆಯಲ್ಲಿದ್ದ ಪಿಪಿನ್ 751ರಲ್ಲಿ ತಾನೇ ರಾಜನಾದ. ಹಾಗಂತ ಮೈಯರ್‌ಗಳೆಲ್ಲ ರಾಜವಂಶದವರು ಅಂತ ಸುಮ್ನೆ ಹೊರಡಬೇಡಿ.

ಊರೂರಿಗೂ ಒಬ್ಬ ಮೈಯರ್ ಇದ್ದ. ಅದಕ್ಕೇ ಈ ಹೆಸರಿನವರು ಇಷ್ಟು ಜಾಸ್ತಿ. ಗುರುತಿಗೆ ಏನಾದರೂ ಸೇರಿಸಬೇಕಾಯಿತು: ಹಳ್ಳದ ಪಕ್ಕದವನು ಬಾಖ್‌ಮೈಯರ್, ಮೇಲಿನವನು ಓಬರ್‌ಮೈಯರ್, ಕೆಳಗಿನವನು ನೀಡರ್‌ಮೈಯರ್. ಜರ್ಮನಿಯ ವೆಸ್ಟ್‌ಫಾಲಿಯಾ ಸೀಮೆಯಲ್ಲಂತೂ ಹೆಸರು ಜಮೀನಿನದು. ಮನೆ ಅಳಿಯನಾಗಿ ಬಂದವನು ತನ್ನ ಹೆಸರು ಬಿಟ್ಟು ಜಮೀನಿನ ಹೆಸರು ಹಿಡಿಯುತ್ತಿದ್ದ. ಇಂಥ ಕಡೆ 'ಮೈಯರ್ ವಂಶವೃಕ್ಷ' ಅಂತ ರಕ್ತಸಂಬಂಧ ಹುಡುಕುವವರಿಗೆ ಏನು ಹೇಳೋಣ?

ಕಾಗುಣಿತದ ಗೊಂದಲಕ್ಕೆ ಪಿಯುಸಿ ಪುಸ್ತಕಗಳೇ ಸಾಕು. ಲೋಥರ್ ಮೈಯರ್ ಉತ್ತರದ ಫಾರೆಲ್‌ನವರು, ಅವರ ಹೆಸರಿನ ಸ್ಪೆಲಿಂಗ್‌ನಲ್ಲಿರುವುದು 'ಇ-ವೈ' (Meyer). ಅನಿಲಗಳ 'ಮೇಯರ್ ಸಂಬಂಧ' ಕೊಟ್ಟ ರಾಬರ್ಟ್ ಮೈಯರ್ ಹೈಲ್‌ಬ್ರಾನ್‌ನವರು, ಅವರದು 'ಎ-ವೈ' (Mayer). ಜೀವವಿಜ್ಞಾನಿ ಎರ್ನ್‌ಸ್ಟ್ ಮೈಯರ್ ಬವೇರಿಯಾದ ಕೆಂಪ್ಟನ್‌ನವರು. ಅಲ್ಲಿ ಆರ್ ಮುಂಚಿನ ಇ ಕೂಡ ಮಾಯ (Mayr). ಉಚ್ಚಾರ ಹೆಚ್ಚುಕಮ್ಮಿ ಒಂದೇ. ಚರ್ಚಿನ ದಾಖಲೆ ಬರೆಯುವವರು ಕಿವಿಗೆ ಬಿದ್ದಂತೆ, ಆಯಾ ಸೀಮೆಯ ರೂಢಿಯಂತೆ ಬರೆದರು. 1876ರಲ್ಲಿ ಜರ್ಮನಿ ಪೂರ್ತಿ ಸರ್ಕಾರಿ ನೋಂದಣಿ ಬಂದಮೇಲೆ ಆ ಬರಹಗಳೇ ಗಟ್ಟಿಯಾದವು. ಹಾಗಾಗಿ ಅಕ್ಷರದಿಂದ ಸೀಮೆಯನ್ನು ಊಹಿಸಬಹುದು, ಜಾತಿ-ಅಂತಸ್ತನ್ನಲ್ಲ.

ಧರ್ಮವನ್ನಂತೂ ಊಹಿಸಲೇಬೇಡಿ. ಯಹೂದಿಗಳಲ್ಲೂ ಮೈಯರ್ ಇದ್ದಾರೆ. ಅಲ್ಲಿ ಅದು ಬಹುಪಾಲು ಹೀಬ್ರೂವಿನ 'ಮೇಯಿರ್', ಅಂದರೆ ಬೆಳಕು ಕೊಡುವವನು. ಜಮೀನಿನ ಸುದ್ದಿಯೇ ಇಲ್ಲ. ಮದುವೆಯಿಂದ ಮೇಯರ್ಸನ್ ಆಗಿದ್ದ ಗೋಲ್ಡಾ, 1956ರಲ್ಲಿ ಹೆಸರನ್ನು ಹೀಬ್ರೂಗೆ ತಿರುಗಿಸಿಕೊಂಡು ಗೋಲ್ಡಾ ಮೇಯಿರ್ ಆದರು. ಮುಂದೆ ಅವರು ಇಸ್ರೇಲಿನ ಪ್ರಧಾನಿಯಾದರು, ಮೇಯರ್ ಅಲ್ಲ.