796 ಸಿಸಿ ಇಂಜಿನಿಗೆ ಇನ್ನಷ್ಟು ಗಾಳಿ: ರೇಸ್ ಟ್ಯೂನಿಂಗ್ ಕುರಿತ ಅಧ್ಯಯನ ಟಿಪ್ಪಣಿ

ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಅಥವಾ ಸೂಪರ್‌ಚಾರ್ಜರ್ ಇಲ್ಲದ ಇಂಜಿನು ವಾತಾವರಣದ ಒತ್ತಡವೊಂದನ್ನೇ ನಂಬಿ ಉಸಿರಾಡುತ್ತದೆ. ಸಿಲಿಂಡರಿನೊಳಗೆ ಎಷ್ಟು ಆಮ್ಲಜನಕ ಸೇರಿತೋ ಅಷ್ಟಕ್ಕೆ ತಕ್ಕ ಪೆಟ್ರೋಲು ಮಾತ್ರ ಉರಿಯುತ್ತದೆ. ಪೆಟ್ರೋಲನ್ನು ಹೆಚ್ಚಿಸಲು ಕಾರ್ಬುರೇಟರಿನಲ್ಲಿ ಪೆಟ್ರೋಲು ಹಾಯುವ ತೂತಾದ ಜೆಟ್ ದೊಡ್ಡದಾದರೆ ಸಾಕು. ಗಾಳಿಯನ್ನು ಹೆಚ್ಚಿಸುವುದೇ ಕಷ್ಟದ ಕೆಲಸ. ಟ್ಯೂನಿಂಗ್ ಕಲಿಯುವವರು ಸೈಲೆನ್ಸರಿನ ಸದ್ದಿನಿಂದ ಆರಂಭಿಸುವುದನ್ನು ಬಿಟ್ಟು, ಇಂಜಿನು ಯಾವ ಆರ್‌ಪಿಎಂನಲ್ಲಿ (ನಿಮಿಷಕ್ಕೆ ಎಷ್ಟು ಸುತ್ತಿನಲ್ಲಿ) ದುಡಿಯಬೇಕೆಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು, ಏಕೆಂದರೆ ಉಳಿದ ಎಲ್ಲ ಅಳತೆಗಳೂ ಆ ಒಂದು ಸಂಖ್ಯೆಯನ್ನೇ ಅವಲಂಬಿಸಿವೆ.

ನಮಗೆಲ್ಲ ಪರಿಚಿತವಾದ ಮಾರುತಿ 800ರ ಮೂರು ಸಿಲಿಂಡರಿನ ಇಂಜಿನನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಬೋರ್ (ಸಿಲಿಂಡರಿನ ವ್ಯಾಸ) 68.5 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 72 ಮಿ.ಮೀ., ಒಟ್ಟು 796 ಸಿಸಿ. ಇದರ ಒಂದು ಮಾದರಿಯ ಶಕ್ತಿ 5000 ಆರ್‌ಪಿಎಂನಲ್ಲಿ 37 ಬಿಎಚ್‌ಪಿ, ಅಂದರೆ ಸುಮಾರು 27.6 ಕಿಲೋವಾಟ್. ತಿರುಗಿಸುವ ಬಲವಾದ ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ 9549ರಿಂದ ಭಾಗಿಸಿದರೆ ಕಿಲೋವಾಟ್ ಸಿಗುತ್ತದೆಯಾದ್ದರಿಂದ, ಆ ವೇಗದಲ್ಲಿ ಟಾರ್ಕ್ ಸುಮಾರು 52.7 ನ್ಯೂಟನ್ ಮೀಟರ್. ಇದೇ ಟಾರ್ಕನ್ನು 7500 ಆರ್‌ಪಿಎಂವರೆಗೆ ಕುಸಿಯದಂತೆ ಕಾಯ್ದುಕೊಂಡರೆ ಸುಮಾರು 55 ಬಿಎಚ್‌ಪಿ ದೊರೆಯುತ್ತದೆ. ಒಂದೇ ಒಂದು ಸಿಸಿ ಹೆಚ್ಚಾಗಿಲ್ಲ. ಆದರೆ ಹಾಗೇ ಬಿಟ್ಟ ಇಂಜಿನಿನಲ್ಲಿ ಟಾರ್ಕ್ ಕುಸಿಯುತ್ತದೆ, ಏಕೆಂದರೆ ಅಷ್ಟು ವೇಗದಲ್ಲಿ ಅದಕ್ಕೆ ಉಸಿರು ಸಾಲದು.

ವೇಗಕ್ಕೆ ಬೆಲೆಯೂ ಇದೆ. ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 12 ಮೀಟರಿನಿಂದ 18 ಮೀಟರಿಗೆ ಏರುತ್ತದೆ. ಇದು ಭಯಪಡುವಂಥದ್ದಲ್ಲ, 84 ಮಿ.ಮೀ. ಸ್ಟ್ರೋಕಿನ ಹೋಂಡಾ ಎಸ್2000 ಕಾರಿನ ಇಂಜಿನು 9000 ಆರ್‌ಪಿಎಂನಲ್ಲಿ 25 ಮೀಟರು ದಾಟುತ್ತದೆ. ಆದರೆ ಕನೆಕ್ಟಿಂಗ್ ರಾಡಿನ ಮೇಲೆ ಬೀಳುವ ಜಡತ್ವದ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಒಂದೂವರೆ ಪಟ್ಟು ಆರ್‌ಪಿಎಂಗೆ ಬಲ 2.25 ಪಟ್ಟಾಗುತ್ತದೆ. ವಾಲ್ವುಗಳ ಜಡತ್ವದ ಬಲವೂ ಹಾಗೇ ಏರುವುದರಿಂದ ಹಳೆಯ ವಾಲ್ವ್ ಸ್ಪ್ರಿಂಗುಗಳು ಅದನ್ನು ತಡೆಯಲಾರವು. ವಾಲ್ವು ತನ್ನನ್ನು ತೆರೆಯುವ ಕ್ಯಾಮಿನ ಜೊತೆ ಬಿಟ್ಟು ತೇಲತೊಡಗಿದರೆ ಶಕ್ತಿಯ ಮಾತು ಅಲ್ಲಿಗೇ ಮುಗಿಯಿತು.

ಗಾಳಿ ನಿಜವಾಗಿ ಸಿಕ್ಕಿಕೊಳ್ಳುವ ಜಾಗ ವಾಲ್ವಿನ ಸೀಟು ಮತ್ತು ಅದರ ಹಿಂದಿನ ಗಂಟಲು. ವಾಲ್ವು ಮೇಲೆದ್ದಾಗ ಅಂಚಿನ ಸುತ್ತ ತೆರೆಯುವ ಜಾಗದ ವಿಸ್ತೀರ್ಣ, ಲಿಫ್ಟು (ವಾಲ್ವು ಏಳುವ ಎತ್ತರ) ವಾಲ್ವಿನ ವ್ಯಾಸದ ಕಾಲುಭಾಗ ತಲುಪಿದಾಗ, ವಾಲ್ವಿನ ತಲೆಯ ವಿಸ್ತೀರ್ಣಕ್ಕೆ ಸಮನಾಗುತ್ತದೆ. ಅದರಾಚೆ ಲಿಫ್ಟನ್ನು ಹೆಚ್ಚಿಸಿದರೆ ಲಾಭ ಬೇಗನೆ ಕ್ಷೀಣಿಸುತ್ತದೆ. ಸೀಟಿಗೆ ಮೂರು ಕೋನಗಳ ಕಟಿಂಗ್ ಮಾಡಿಸಿ, ಗಂಟಲಿನಲ್ಲಿ ಎರಕದ ಮೂಲೆಗಳನ್ನು ಸವರಿ, ಪೋರ್ಟಿನ (ಗಾಳಿ ಹಾಯುವ ಕೊಳವೆಯ) ಉಳಿದ ಭಾಗವನ್ನು ಮುಟ್ಟದೆ ಬಿಡುವುದು ಕಲಿಯುವವರಿಗೆ ಒಳ್ಳೆಯದು. ಪೋರ್ಟನ್ನು ಕಂಡಾಬಟ್ಟೆ ಅಗಲಿಸಿದರೆ ಗಾಳಿಯ ವೇಗ ಇಳಿದು, ಇದ್ದ ಟಾರ್ಕೂ ಹೋಗುತ್ತದೆ. ಕನ್ನಡಿಯಂತೆ ಪಾಲಿಶ್ ಮಾಡುವುದು ಹೆಚ್ಚಾಗಿ ನೋಡುವವರ ಕಣ್ಣಿಗಷ್ಟೇ.

ಇನ್‌ಟೇಕ್ ಪೈಪಿನ ಉದ್ದ ಇನ್ನೂ ಕುತೂಹಲದ ವಿಷಯ. ಪಿಸ್ಟನ್ ಕೆಳಗಿಳಿಯುವಾಗ ವಾಲ್ವಿನ ಬಳಿ ಹುಟ್ಟುವ ಕಡಿಮೆ ಒತ್ತಡದ ಅಲೆ ಶಬ್ದದ ವೇಗದಲ್ಲಿ ಪೈಪಿನ ಬಾಯಿಗೆ ಓಡಿ, ಅಲ್ಲಿಂದ ಹೆಚ್ಚು ಒತ್ತಡದ ಅಲೆಯಾಗಿ ಹಿಂದಿರುಗುತ್ತದೆ. ಕಾರವಾರದ ಬೈತಖೋಲ ಬಂದರಿನ ಗೋಡೆಗೆ ಬಡಿದ ಉಬ್ಬು ಉಬ್ಬಾಗಿಯೇ ಮರಳುವುದನ್ನು ನೋಡಿದವರಿಗೆ ಇದು ವಿಚಿತ್ರವೆನಿಸಬಹುದು. ಗೋಡೆ ಮುಚ್ಚಿದ ತುದಿ, ಪೈಪಿನ ಬಾಯಿ ತೆರೆದ ತುದಿ, ಆದ್ದರಿಂದ ಇಲ್ಲಿ ಅಲೆ ತಿರುವುಮುರುವಾಗುತ್ತದೆ. ಆ ಮರಳಿದ ಅಲೆ ವಾಲ್ವು ಮುಚ್ಚುವ ಮುನ್ನ ತಲುಪಿದರೆ, ಪಿಸ್ಟನ್ ಮೇಲೇರಲು ತೊಡಗಿದ್ದರೂ ಗಾಳಿ ಒಳಗೇ ತುಂಬುತ್ತದೆ. ಅಲೆಗೆ ಹೋಗಿಬರಲು ಇಂಜಿನಿನ ತಿರುಗುವ ದಂಡವಾದ ಕ್ರ್ಯಾಂಕಿನ 90 ಡಿಗ್ರಿಯಷ್ಟು ಸಮಯವಿದೆಯೆಂದು ಸ್ಥೂಲವಾಗಿ ಹಿಡಿದರೆ, 7500 ಆರ್‌ಪಿಎಂನಲ್ಲಿ ಅದು ಸೆಕೆಂಡಿನ ಸಾವಿರದ ಎರಡು ಭಾಗ. ಕರಾವಳಿಯ 32 ಡಿಗ್ರಿ ಸೆಲ್ಸಿಯಸ್ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 350 ಮೀಟರ್. ಹೋಗಿಬರುವ ದಾರಿ 70 ಸೆಂ.ಮೀ., ವಾಲ್ವಿನಿಂದ ಬಾಯಿಯವರೆಗಿನ ಉದ್ದ 35 ಸೆಂ.ಮೀ. ಇದೇ ಲೆಕ್ಕ 5000 ಆರ್‌ಪಿಎಂಗೆ 52 ಸೆಂ.ಮೀ. ದಾಟುತ್ತದೆ. ಆರ್‌ಪಿಎಂ ಮೊದಲು ಗೊತ್ತಿರಬೇಕೆಂದದ್ದು ಇದಕ್ಕೇ. ವಾಲ್ವುಗಳನ್ನು ಹೆಚ್ಚು ಹೊತ್ತು ತೆರೆದಿಡುವ ಕ್ಯಾಮನ್ನೂ ಅದೇ ಆರ್‌ಪಿಎಂಗೆ ಆರಿಸಬೇಕು. ಐಡ್ಲಿಂಗ್ ಕೆಡುವುದು, ಕೆಳಗಿನ ವೇಗದಲ್ಲಿ ಎಳೆತ ಸೊರಗುವುದು ಅದರ ಜೊತೆಗೇ ಬರುತ್ತದೆ.

ಕಂಪ್ರೆಷನ್ನಿನ (ಪಿಸ್ಟನ್ ಮಿಶ್ರಣವನ್ನು ಎಷ್ಟು ಪಟ್ಟು ಕುಗ್ಗಿಸುತ್ತದೆಂಬ ಅನುಪಾತದ) ಬಗ್ಗೆ ಆಸೆ ಎಲ್ಲರಿಗೂ ಹೆಚ್ಚು, ಫಲ ಮಾತ್ರ ಅಷ್ಟಿಲ್ಲ. ಪೆಟ್ರೋಲ್ ಇಂಜಿನಿನ ಆದರ್ಶ ಮಾದರಿಯಾದ ಒಟ್ಟೊ (Otto) ಆವರ್ತದ ಲೆಕ್ಕದಲ್ಲಿ 9ರಿಂದ 10.5ಕ್ಕೆ ಏರಿಸಿದರೆ ದಕ್ಷತೆ ಸುಮಾರು ಶೇಕಡಾ 4ರಷ್ಟು ಸುಧಾರಿಸುತ್ತದೆ, ಜೊತೆಗೆ ನಾಕಿಂಗ್ (ಮಿಶ್ರಣ ತಾನಾಗಿ ಸಿಡಿಯುವ) ಅಪಾಯವೂ ಏರುತ್ತದೆ. ಪ್ರತಿ ಸಿಲಿಂಡರು 265.3 ಸಿಸಿ ಇರುವುದರಿಂದ, ದಹನಕೋಣೆಯ ಜಾಗ 33.2ರಿಂದ 27.9 ಸಿಸಿಗೆ ಇಳಿಯಬೇಕು. ಗ್ಯಾಸ್ಕೆಟ್ಟಿನ ದಪ್ಪವೂ ಪಿಸ್ಟನ್ ತಲೆಯ ಮೇಲಿನ ಜಾಗವೂ ಈ ಲೆಕ್ಕಕ್ಕೆ ಸೇರಿವೆ. ಸಿಲಿಂಡರುಗಳ ಮೇಲಿನ ಮುಚ್ಚಳವಾದ ಹೆಡ್ಡಿನ ಪಾಲನ್ನು ಅಳೆಯಲು ಹೆಡ್ಡನ್ನು ಮಗುಚಿ, ಪ್ಲಗ್ ಹಾಕಿ, ವಾಲ್ವುಗಳಿಗೆ ಗ್ರೀಸ್ ಸವರಿ ಕೂರಿಸಿ, ತೂತಿರುವ ಪಾರದರ್ಶಕ ಹಾಳೆಯನ್ನು ಮುಚ್ಚಿ, ಬ್ಯುರೆಟ್ಟಿನಿಂದ ಸೀಮೆಎಣ್ಣೆ ಬಿಡುತ್ತೇವೆ. ಮೊದಲ ಸಲ ನಾನು ತೂತನ್ನು ನಡುವೆ ಕೊರೆದಿದ್ದೆ. ಒಂದು ಗಾಳಿಗುಳ್ಳೆ ಅಂಚಿಗೆ ಸರಿದು ಕುಳಿತಿತು, ಒಂದು ಸಿಸಿಯಷ್ಟು ಲೆಕ್ಕ ತಪ್ಪಿತು. ತೂತು ಅಂಚಿನಲ್ಲಿರಬೇಕು, ಹೆಡ್ಡನ್ನು ತುಸು ವಾಲಿಸಿ ಆ ಅಂಚನ್ನು ಮೇಲೆ ಮಾಡಿರಬೇಕು. ಹೆಡ್ ಫೇಸಿಂಗ್ ಮಾಡಿಸಿ ಅದರ ತಳವನ್ನು ಸವೆಸಿದ ಮೇಲೆ ಕ್ಯಾಮು ಕ್ರ್ಯಾಂಕಿಗೆ ಹತ್ತಿರವಾಗಿ ಬೆಲ್ಟಿನ ಟೈಮಿಂಗ್ ಸ್ವಲ್ಪ ಹಿಂದೆ ಬೀಳುತ್ತದೆ ಎಂಬುದನ್ನೂ ನೆನಪಿಡಬೇಕು.

ಕೊನೆಗೆ ನಮ್ಮ ಜಿಲ್ಲೆಯ ಗಾಳಿ. ಕುಮಟೆಯಲ್ಲಿ ಸರಿಹೊಂದಿಸಿದ ಕಾರ್ಬುರೇಟರು ದೇವಿಮನೆ ಘಟ್ಟ ಹತ್ತಿ ಶಿರಸಿ ತಲುಪುವಷ್ಟರಲ್ಲಿ ಸ್ವಲ್ಪ ರಿಚ್ ಆಗುತ್ತದೆ, ಅಂದರೆ ಗಾಳಿಗೆ ಹೋಲಿಸಿದರೆ ಪೆಟ್ರೋಲು ಹೆಚ್ಚಾಗುತ್ತದೆ: ಸುಮಾರು 600 ಮೀಟರು ಎತ್ತರದಲ್ಲಿ ಗಾಳಿಯ ಸಾಂದ್ರತೆ ಶೇಕಡಾ 6ರಷ್ಟು ತಗ್ಗಿದರೆ ಮಿಶ್ರಣ ಸುಮಾರು ಶೇಕಡಾ 3ರಷ್ಟು ದಟ್ಟವಾಗುತ್ತದೆ. ಹಾಗೆಂದು ಕಡಲತಡಿಯೇ ಯಾವಾಗಲೂ ಮೇಲಲ್ಲ. ಕಾರವಾರದ ಮೇ ಮಧ್ಯಾಹ್ನಕ್ಕೆ 33 ಡಿಗ್ರಿ, ಒತ್ತಡ 1006 ಹೆಕ್ಟೋಪಾಸ್ಕಲ್, ಅದರಲ್ಲಿ ನೀರಾವಿಯ ಪಾಲು 33 ಎಂದು ಹಿಡಿಯೋಣ. ಶಿರಸಿಯ ಡಿಸೆಂಬರ್ ಮುಂಜಾನೆಗೆ 18 ಡಿಗ್ರಿ, 945, ನೀರಾವಿ 17. ಒಣಗಾಳಿಯ ಒತ್ತಡವನ್ನು ಕೆಲ್ವಿನ್ ಉಷ್ಣಾಂಶದಿಂದ ಭಾಗಿಸಿದರೆ ಎರಡೂ ಕಡೆ 3.18ರ ಆಸುಪಾಸಿನಲ್ಲೇ ನಿಲ್ಲುತ್ತವೆ. ಅದೇ ಕಾರವಾರದಲ್ಲಿ ಜನವರಿಯ ಬೆಳಗ್ಗೆ 22 ಡಿಗ್ರಿ, 1013, ನೀರಾವಿ 20 ಇದ್ದರೆ ಉತ್ತರ 3.36, ಹೆಡ್ಡನ್ನು ಮುಟ್ಟದೆಯೇ ಶೇಕಡಾ 6ರಷ್ಟು ಹೆಚ್ಚು ಆಮ್ಲಜನಕ. ಕಂಪ್ರೆಷನ್ನಿನಿಂದ ಬಂದ ಶೇಕಡಾ 4ನ್ನು ಈ ವ್ಯತ್ಯಾಸ ಸಲೀಸಾಗಿ ನುಂಗಿಬಿಡುವುದರಿಂದ, ಶಕ್ತಿ ಅಳೆಯುವ ಡೈನೊ ಮೇಲಿನ ಪ್ರತಿ ಓಟದ ಪಕ್ಕದಲ್ಲಿ ಆ ಹೊತ್ತಿನ ಉಷ್ಣಾಂಶ, ಒತ್ತಡ, ತೇವಾಂಶಗಳನ್ನು ಬರೆದಿಡದೆ ಎರಡು ದಿನಗಳ ಅಂಕಿಗಳನ್ನು ಹೋಲಿಸಬಾರದು.